ಕಡಲಿಲ್ಲದ ಊರಿನಲ್ಲಿ ಕಡಲು ಸಾಕುವ ಲೆಕ್ಕ

ಹೈದರಾಬಾದಿನವರಿಗೆ ಕೆರೆ ಹೊಸದಲ್ಲ, ಕಡಲು ಮಾತ್ರ ದೂರ. ಬಾಪಟ್ಲದ ಸೂರ್ಯಲಂಕದಲ್ಲಿ ಕಾಲು ನೆನೆಸಬೇಕೆಂದರೂ ರಸ್ತೆಯಲ್ಲಿ ಮುನ್ನೂರು ಕಿಲೋಮೀಟರಿಗೆ ಕಡಿಮೆಯಿಲ್ಲದ ದಾರಿ. ಅಂಥ ಊರಿನಲ್ಲಿ ಉಪ್ಪುನೀರಿನ ಮೀನು ಸಾಕುವ ಉಮೇದು ಬೆಳೆದಿದೆ. ಮನೆಯ ಹಜಾರದ ಐನೂರು ಲೀಟರಿನ ಗಾಜಿನ ತೊಟ್ಟಿಯಿಂದ ಹಿಡಿದು ಸರ್ಕಾರಿ ಯೋಜನೆಯವರೆಗೂ ಅದು ಹಬ್ಬಿದೆ. 2022ರ ಅಕ್ಟೋಬರಿನಲ್ಲಿ ಹಿಮಾಯತ್ ಸಾಗರದ ಮಗ್ಗುಲಿನ ಕೊತ್ವಾಲ್‌ಗುಡದಲ್ಲಿ 85 ಎಕರೆಯ ಇಕೋ ಪಾರ್ಕಿಗೆ ಶಂಕುಸ್ಥಾಪನೆ ನಡೆದಾಗ, ಜನರು ಒಳಗೆ ನಡೆದುಹೋಗಬಹುದಾದ, ದೇಶದಲ್ಲೇ ದೊಡ್ಡದಾದ ಸುರಂಗ ಅಕ್ವೇರಿಯಂ ಅಲ್ಲಿ ಬರುತ್ತದೆ ಎಂಬ ಪ್ರಕಟಣೆ ಜತೆಗಿತ್ತು. ಮುಂದೆ ಆ ಅಕ್ವೇರಿಯಂ ಯೋಜನೆಯನ್ನು ಪ್ರಶ್ನಿಸುವ ಅರ್ಜಿಯೂ ಹೈಕೋರ್ಟಿನ ಮೆಟ್ಟಿಲೇರಿತು.

ಇಂಥ ಯೋಜನೆಯ ಪರ ಮತ್ತು ವಿರೋಧದ ಮಾತುಗಳೆಲ್ಲ ಸಾಮಾನ್ಯವಾಗಿ ಎರಡೇ ಜಾಡಿನಲ್ಲಿ ಸಾಗುತ್ತವೆ. ಒಂದು ಕಡೆ ಪ್ರವಾಸೋದ್ಯಮ, ಸುರಂಗದ ಉದ್ದ, ಟಿಕೆಟ್ ದರ. ಇನ್ನೊಂದು ಕಡೆ ಮೀನನ್ನು ಗಾಜಿನೊಳಗೆ ಕೂಡಿಹಾಕುವುದು ಸರಿಯೇ ಎಂಬ ಪ್ರಶ್ನೆ. ಎರಡೂ ಬೇಕಾದ ಚರ್ಚೆಗಳೇ. ಆದರೆ ಇವುಗಳ ನಡುವೆ ಮೂರನೆಯ ಪ್ರಶ್ನೆಯೊಂದು ಯಾರ ಬಾಯಿಗೂ ಬಾರದೆ ಉಳಿದುಬಿಡುತ್ತದೆ: ಆ ಮೀನುಗಳಿಗೆ ದಿನವೂ ಹಾಕುವ ಆಹಾರದಲ್ಲಿರುವ ಸಾರಜನಕ ಕೊನೆಗೆ ಎಲ್ಲಿಗೆ ಹೋಗುತ್ತದೆ? ಕಡಲಿಲ್ಲದ ಊರಿನಲ್ಲಿ ಕಡಲು ಸಾಕಲು ಹೊರಟವರು ಮೊದಲು ಉತ್ತರಿಸಬೇಕಾದದ್ದು ಇದಕ್ಕೆ. ಉತ್ತರ ಇಲ್ಲದಿದ್ದರೆ ಅನುಮತಿಯೂ ಇರಬಾರದು.

ಭೂತಾಯಿ ಎಲ್ಲಿಗೆ ಹೋಯಿತು?

ಮೀನಿನ ತೊಟ್ಟಿಯಲ್ಲಿ ಮಾಯವಾಗುವುದು ಏನೂ ಇಲ್ಲ. ತಿಂದ ಆಹಾರದ ಒಂದು ಪಾಲು ಮೀನಿನ ಮೈಯಾಗುತ್ತದೆ, ಉಳಿದದ್ದು ನೀರಿಗೆ ಬರುತ್ತದೆ. ಮೀನುಗಳು ಪ್ರೋಟೀನನ್ನು ಕರಗಿಸಿ, ಬೇಡದ ಸಾರಜನಕವನ್ನು ಬಹುಪಾಲು ಕಿವಿರುಗಳ ಮೂಲಕ ಅಮೋನಿಯಾ ಆಗಿ ಹೊರಬಿಡುತ್ತವೆ. ತಿನ್ನದೆ ಬಿಟ್ಟ ಚೂರು, ಮಲ, ಸತ್ತ ಪಾಚಿ ಎಲ್ಲವೂ ಕೊಳೆತು ಅದೇ ಅಮೋನಿಯಾಕ್ಕೆ ಬಂದು ಸೇರುತ್ತವೆ. ಅಮೋನಿಯಾ ಅತಿ ಸಣ್ಣ ಪ್ರಮಾಣದಲ್ಲೇ ಮೀನನ್ನು ಕೊಲ್ಲುವ ವಿಷ. ಹಾಗಾಗಿ ಅಕ್ವೇರಿಯಂ ಕಟ್ಟುವ ಎಲ್ಲರೂ ಮೊದಲು ಅದನ್ನು ನಿಭಾಯಿಸುವ ಬ್ಯಾಕ್ಟೀರಿಯಾಗಳನ್ನು ಸಾಕುತ್ತಾರೆ. ಒಂದು ಬಗೆಯ ಬ್ಯಾಕ್ಟೀರಿಯಾ ಅಮೋನಿಯಾವನ್ನು ನೈಟ್ರೈಟ್ ಮಾಡುತ್ತದೆ, ಇನ್ನೊಂದು ಬಗೆಯದು ನೈಟ್ರೈಟನ್ನು ನೈಟ್ರೇಟ್ ಮಾಡುತ್ತದೆ. ಎರಡಕ್ಕೂ ಆಮ್ಲಜನಕ ಬೇಕು. ಫಿಲ್ಟರಿನೊಳಗೆ ಗಾಳಿಯಾಡುವ ನೀರು ಹರಿಯುತ್ತಲೇ ಇರುವುದು ಈ ಕಾರಣಕ್ಕೆ.

ಇಲ್ಲಿಗೆ ಕೆಲಸ ಮುಗಿಯಿತೆಂದು ಅನ್ನಿಸುತ್ತದೆ. ವಿಷ ಹೋಯಿತು, ನೀರು ತಿಳಿಯಾಗಿದೆ, ಮೀನು ಈಜುತ್ತಿದೆ. ಆದರೆ ನೈಟ್ರೇಟ್ ಆದ ಸಾರಜನಕ ಅಲ್ಲೇ ಕೂತಿದೆ. ಅದನ್ನು ಮುಂದಕ್ಕೆ ಒಯ್ಯುವ ಕೆಲಸ ಸಾಮಾನ್ಯ ಫಿಲ್ಟರಿನದಲ್ಲ. ಸಾಲಗಾರನ ಖಾತೆಯಲ್ಲಿ ಬಡ್ಡಿ ಸೇರುವ ಹಾಗೆ ಅದು ದಿನದಿನಕ್ಕೂ ಸೇರುತ್ತ ಹೋಗುತ್ತದೆ.

ಎಷ್ಟು ಸೇರುತ್ತದೆ ಎಂಬುದನ್ನು ಕಾಗದದ ಮೇಲೆ ಲೆಕ್ಕ ಹಾಕಬಹುದು. ಒಂದು ಕಿಲೋ ಭೂತಾಯಿಯಲ್ಲೋ ಬೊಂಡಾಸಿನಲ್ಲೋ ಸುಮಾರು 180 ಗ್ರಾಂ ಪ್ರೋಟೀನ್ ಇರುತ್ತದೆ. ಪ್ರೋಟೀನಿನ ತೂಕದಲ್ಲಿ ಹೆಚ್ಚುಕಡಿಮೆ ಶೇ. 16 ಸಾರಜನಕ, ಅಂದರೆ 29 ಗ್ರಾಂ. ಅದರಲ್ಲಿ ಮುಕ್ಕಾಲು ಪಾಲು ನೀರಿಗೆ ಬಂತು ಎಂದುಕೊಂಡರೆ 21ರಿಂದ 22 ಗ್ರಾಂ. ಸಾರಜನಕದ ಪ್ರತಿ ಪರಮಾಣುವಿಗೆ ಮೂರು ಆಮ್ಲಜನಕ ಸೇರಿ ನೈಟ್ರೇಟ್ ಆದಾಗ ತೂಕ 4.43 ಪಟ್ಟು ಆಗುತ್ತದೆ. ಹಾಗಾಗಿ ಒಂದು ಕಿಲೋ ಮೀನಿನ ಆಹಾರ ಎಂದರೆ ಸುಮಾರು 95 ಗ್ರಾಂ ನೈಟ್ರೇಟ್. ಹತ್ತು ಲಕ್ಷ ಲೀಟರಿನ ತೊಟ್ಟಿಯೊಂದಕ್ಕೆ ದಿನಕ್ಕೆ ಇಪ್ಪತ್ತು ಕಿಲೋ ಆಹಾರ ಹಾಕಿದರೆ ದಿನಕ್ಕೆ 1.9 ಕಿಲೋ ನೈಟ್ರೇಟ್ ಹುಟ್ಟುತ್ತದೆ. ಲೀಟರಿಗೆ ದಿನಕ್ಕೆ 1.9 ಮಿಲಿಗ್ರಾಂ, ವಾರಕ್ಕೆ 13 ಮಿಲಿಗ್ರಾಂ. ಹವಳದ ದಿಬ್ಬಗಳ ಸುತ್ತಲಿನ ನಿಜವಾದ ಕಡಲ ನೀರಿನಲ್ಲಿ ನೈಟ್ರೇಟ್ ಲೀಟರಿಗೆ ಒಂದು ಮಿಲಿಗ್ರಾಂ ಕೂಡ ಇರುವುದಿಲ್ಲ. ಅಲ್ಲಿಗೆ ಮೊದಲ ವಾರದಲ್ಲೇ ಆ ತೊಟ್ಟಿ ಕಡಲಿನಿಂದ ದೂರ ಸರಿದಾಯಿತು.

ಇಲ್ಲಿ ಅಳತೆಯ ಒಂದು ಗೊಂದಲವನ್ನೂ ಹೇಳಬೇಕು. ಕೆಲವು ಪರೀಕ್ಷಾ ಕಿಟ್‌ಗಳು ಇಡೀ ನೈಟ್ರೇಟಿನ ತೂಕವನ್ನು ತೋರಿಸುತ್ತವೆ, ಕೆಲವು ಅದರೊಳಗಿನ ಸಾರಜನಕದ ತೂಕವನ್ನಷ್ಟೇ ತೋರಿಸುತ್ತವೆ. ಭಾರತದಲ್ಲಿ ಕುಡಿಯುವ ನೀರಿಗೆ ನೈಟ್ರೇಟ್ ಮಿತಿ ಲೀಟರಿಗೆ 45 ಮಿಲಿಗ್ರಾಂ, ಅಮೆರಿಕದಲ್ಲಿ 10 ಎಂದು ಓದಿ ಅಲ್ಲಿನವರು ನಾಲ್ಕು ಪಟ್ಟು ಕಟ್ಟುನಿಟ್ಟು ಎಂದುಕೊಳ್ಳುವವರಿದ್ದಾರೆ. ಎರಡೂ ಹತ್ತಿರಹತ್ತಿರ ಒಂದೇ. 10 ಎಂಬುದು ಸಾರಜನಕದ ಲೆಕ್ಕ. ಅಕ್ವೇರಿಯಂ ನಡೆಸುವವರು "ನಮ್ಮಲ್ಲಿ ಇಪ್ಪತ್ತೇ ಇದೆ" ಎಂದಾಗ ಯಾವ ಇಪ್ಪತ್ತು ಎಂದು ಕೇಳಬೇಕು. ಅದು ಇಪ್ಪತ್ತೂ ಆಗಿರಬಹುದು, ಎಂಬತ್ತೆಂಟೂ ಆಗಿರಬಹುದು.

ನೀರು ಬದಲಿಸುವವರ ಲೆಕ್ಕ

ನೈಟ್ರೇಟ್ ಏರಿದರೆ ಏನು ಮಾಡಬೇಕು ಎಂದು ಯಾರನ್ನು ಕೇಳಿದರೂ ಮೊದಲು ಬರುವ ಉತ್ತರ: ನೀರು ಬದಲಿಸಿ. ಮನೆಯ ತೊಟ್ಟಿಗೆ ಅದು ಒಳ್ಳೆಯ ಉತ್ತರವೇ. ವಾರಕ್ಕೊಮ್ಮೆ ಐವತ್ತು ಲೀಟರ್ ತೆಗೆದು ಐವತ್ತು ಲೀಟರ್ ಹೊಸ ಉಪ್ಪುನೀರು ಹಾಕುವುದಕ್ಕೆ ಒಂದು ಬಕೆಟ್ಟು, ಒಂದು ಪೈಪು, ಎರಡು ಕಿಲೋಕ್ಕೂ ಕಡಿಮೆ ಉಪ್ಪು ಸಾಕು. ತೊಟ್ಟಿ ದೊಡ್ಡದಾದ ಹಾಗೆ ಈ ಉತ್ತರ ಹದಗೆಡುತ್ತದೆ.

ಕಾರಣ ಸರಳ ಗಣಿತ. ಲೀಟರಿಗೆ 100 ಮಿಲಿಗ್ರಾಂ ಇರುವ ತೊಟ್ಟಿಯಲ್ಲಿ ಶೇ. 20 ನೀರು ಬದಲಿಸಿದರೆ ಅದು 80ಕ್ಕೆ ಇಳಿಯುತ್ತದೆ. ಇನ್ನೊಮ್ಮೆ ಬದಲಿಸಿದರೆ 64, ಮತ್ತೊಮ್ಮೆ ಬದಲಿಸಿದರೆ 51. ನೈಟ್ರೇಟನ್ನು ಅರ್ಧಕ್ಕೆ ಇಳಿಸಲು ಮೂರು ಸಲ ನೀರು ಚೆಲ್ಲಬೇಕು, ಅದೂ ಆ ನಡುವೆ ಮೀನುಗಳು ಉಪವಾಸವಿದ್ದರೆ. ಅವು ತಿನ್ನುತ್ತಲೇ ಇರುವುದರಿಂದ ನೈಟ್ರೇಟ್ ಒಂದು ಎತ್ತರಕ್ಕೆ ಹೋಗಿ ಅಲ್ಲಿ ನಿಲ್ಲುತ್ತದೆ. ಆ ಎತ್ತರ ಎಷ್ಟೆಂದರೆ, ವಾರಕ್ಕೆ ಸೇರುವುದನ್ನು ವಾರಕ್ಕೆ ಬದಲಿಸುವ ಪಾಲಿನಿಂದ ಭಾಗಿಸಿದಷ್ಟು. ವಾರಕ್ಕೆ 13 ಸೇರುವ ತೊಟ್ಟಿಯಲ್ಲಿ ಶೇ. 10 ನೀರು ಬದಲಿಸುತ್ತ ಹೋದರೆ ಅದು 130ರ ಹತ್ತಿರ ನಿಲ್ಲುತ್ತದೆ. 50ಕ್ಕಿಂತ ಮೇಲೇರದಂತೆ ಹಿಡಿಯಬೇಕೆಂದರೆ ವಾರಕ್ಕೆ ಶೇ. 26 ನೀರು ಬದಲಿಸಬೇಕು.

ಹತ್ತು ಲಕ್ಷ ಲೀಟರಿನಲ್ಲಿ ಶೇ. 26 ಎಂದರೆ 2.6 ಲಕ್ಷ ಲೀಟರ್. ಲೀಟರಿಗೆ 35 ಗ್ರಾಂ ಉಪ್ಪಿನಂತೆ ವಾರಕ್ಕೆ ಒಂಬತ್ತು ಟನ್, ವರ್ಷಕ್ಕೆ 470 ಟನ್ನಿಗೂ ಹೆಚ್ಚು. ಅಡುಗೆ ಉಪ್ಪು ಇಲ್ಲಿ ನಡೆಯುವುದಿಲ್ಲ. ಮೆಗ್ನೀಸಿಯಂ, ಕ್ಯಾಲ್ಸಿಯಂ, ಪೊಟ್ಯಾಸಿಯಂ ಎಲ್ಲ ಸರಿಯಾದ ಪ್ರಮಾಣದಲ್ಲಿ ಬೆರೆತ ಮಿಶ್ರಣವೇ ಆಗಬೇಕು. ಅದನ್ನು ಕಲಸಲು ಶುದ್ಧ ನೀರು ಬೇಕು. ದಖ್ಖನಿನ ಗಟ್ಟಿ ಬಂಡೆಯಡಿಯ ಬೋರ್‌ವೆಲ್ ನೀರಿನಲ್ಲಿ ಎಷ್ಟೋ ಕಡೆ ನೈಟ್ರೇಟ್ ಮೊದಲೇ ಇರುತ್ತದೆ. ಕೇಂದ್ರೀಯ ಅಂತರ್ಜಲ ಮಂಡಳಿಯ 2024ರ ವರದಿಯಲ್ಲಿ ಕರ್ನಾಟಕದ ಹತ್ತಿರಹತ್ತಿರ ಅರ್ಧದಷ್ಟು ಮಾದರಿಗಳು 45ರ ಮಿತಿ ಮೀರಿದ್ದವು. ಈ ತೊಂದರೆ ತೆಲಂಗಾಣವನ್ನೂ ಬಿಟ್ಟಿಲ್ಲ. ಹಾಗಾಗಿ ಆರ್‌ಒ ಯಂತ್ರ ಹಾಕಲೇಬೇಕು. ಅದು ಅರ್ಧ ನೀರು ಕೊಟ್ಟು ಅರ್ಧ ಚೆಲ್ಲಿದರೆ ವಾರಕ್ಕೆ 5.2 ಲಕ್ಷ ಲೀಟರ್ ಸಿಹಿನೀರು ಬೇಕಾಗುತ್ತದೆ. ಬೇಸಿಗೆಯಲ್ಲಿ ಟ್ಯಾಂಕರಿಗೆ ಕಾಯುವ ಬಡಾವಣೆಗಳಿರುವ ನಗರದಲ್ಲಿ!

ದುಬಾರಿ ಎಂಬುದಷ್ಟೇ ಇಲ್ಲಿನ ತೊಂದರೆಯಾಗಿದ್ದರೆ ಟಿಕೆಟ್ ದರ ಏರಿಸಿ ಸರಿದೂಗಿಸಬಹುದಿತ್ತು. ನಿಜವಾದ ತೊಂದರೆ ಹೊರಗೆ ಹೋಗುವ ನೀರಿನದು. ಮುಂಬಯಿಯ ತಾರಾಪೋರ್‌ವಾಲಾ ಅಕ್ವೇರಿಯಂ 1951ರಲ್ಲಿ ಶುರುವಾದದ್ದು ಮರೀನ್ ಡ್ರೈವಿನ ಅಂಚಿನಲ್ಲಿ. ಕಡಲು ಅದರ ಎದುರಿಗೇ ಇತ್ತು. ಒಳನಾಡಿಗೆ ಆ ಭಾಗ್ಯವಿಲ್ಲ. ಶಿಕಾಗೋದ ಶೆಡ್ ಅಕ್ವೇರಿಯಂ 1930ರಲ್ಲಿ ತೆರೆದಾಗ ಇಪ್ಪತ್ತು ರೈಲು ಟ್ಯಾಂಕರುಗಳು ಫ್ಲಾರಿಡಾದ ಕೀ ವೆಸ್ಟಿಗೂ ಶಿಕಾಗೋಕ್ಕೂ ಎಂಟು ಸಲ ಓಡಾಡಿ ಹತ್ತು ಲಕ್ಷ ಗ್ಯಾಲನ್ ಕಡಲ ನೀರು ತಂದು ಸುರಿದವು. ಹೀಗೆ ನೀರು ತರುವ ಸಾಹಸದ ಕಥೆ ಚರಿತ್ರೆಯಲ್ಲಿ ಉಳಿಯುತ್ತದೆ. ಹಳೆಯ ನೀರು ಎಲ್ಲಿಗೆ ಹೋಗುತ್ತದೆಂಬ ಕಥೆಯನ್ನು ಹೇಳುವವರು ಕಡಿಮೆ.

ಚರಂಡಿ ನೀರನ್ನು ಶುದ್ಧೀಕರಿಸುವ ಘಟಕ ಕೊಳೆಯನ್ನು ತಿನ್ನುತ್ತದೆ, ಉಪ್ಪನ್ನು ತಿನ್ನುವುದಿಲ್ಲ. ಒಳಗೆ ಹೋದ ಕ್ಲೋರೈಡ್ ಅಷ್ಟೂ ಹೊರಗೆ ಬಂದು ಕಾಲುವೆಗೆ, ಕೆರೆಗೆ, ಅಂತರ್ಜಲಕ್ಕೆ ಸೇರುತ್ತದೆ. ಒಂಬತ್ತು ಟನ್ ಕಡಲ ಉಪ್ಪಿನಲ್ಲಿ ಸುಮಾರು ಐದು ಟನ್ ಕ್ಲೋರೈಡ್ ಇರುತ್ತದೆ. ಕುಡಿಯುವ ನೀರಿಗೆ ಭಾರತೀಯ ಮಾನಕ ಒಪ್ಪುವ ಪ್ರಮಾಣ ಲೀಟರಿಗೆ 250 ಮಿಲಿಗ್ರಾಂ. ಅಂದರೆ ಕ್ಲೋರೈಡೇ ಇಲ್ಲದ ಎರಡು ಕೋಟಿ ಲೀಟರ್ ನೀರನ್ನು ಆ ಗಡಿಗೆ ತಂದು ನಿಲ್ಲಿಸಲು ಒಂದು ವಾರದ ಉಪ್ಪು ಸಾಕು. ಕೊತ್ವಾಲ್‌ಗುಡದ ಪಕ್ಕದಲ್ಲಿರುವುದು ಕುಡಿಯುವ ನೀರಿನ ಜಲಾಶಯ ಎಂಬುದನ್ನು ನೆನೆದರೆ ಈ ಅಂಕಿಯ ತೂಕ ಗೊತ್ತಾಗುತ್ತದೆ.

ನೊರೆ, ಹುಲ್ಲು, ಕೆಸರು

ಹಾಗಾದರೆ ನೀರು ಚೆಲ್ಲದೆ ನೈಟ್ರೇಟ್ ಇಳಿಸುವ ದಾರಿ ಇದೆಯೇ? ಇದೆ, ಒಂದಲ್ಲ ಮೂರು. ಮೂರಕ್ಕೂ ಈ ನೆಲದ ಬದುಕಿನಲ್ಲಿ ನಂಟರಿದ್ದಾರೆ.

ಮೊದಲನೆಯದು, ನೈಟ್ರೇಟ್ ಆಗುವ ಮುನ್ನವೇ ತೆಗೆದುಹಾಕುವುದು. ಆಲೆಮನೆಯಲ್ಲಿ ಕಬ್ಬಿನ ಹಾಲು ಕುದಿಯುವಾಗ ಮೇಲೆ ಬರುವ ಕೊಳೆಯನ್ನು ಜಾಲರಿಯಿಂದ ತೆಗೆಯುತ್ತಾರಲ್ಲ, ಪ್ರೋಟೀನ್ ಸ್ಕಿಮ್ಮರ್ ಎಂಬ ಯಂತ್ರ ಉಪ್ಪುನೀರಿನಲ್ಲಿ ಮಾಡುವುದು ಅದನ್ನೇ. ಎತ್ತರದ ಕೊಳವೆಯಲ್ಲಿ ಸಣ್ಣ ಸಣ್ಣ ಗುಳ್ಳೆಗಳನ್ನು ಎಬ್ಬಿಸಿದರೆ ಕರಗಿದ ಜಿಡ್ಡು, ಪ್ರೋಟೀನು ಗುಳ್ಳೆಗೆ ಅಂಟಿ ನೊರೆಯಾಗಿ ಮೇಲೇರಿ ಹೊರಗೆ ಬೀಳುತ್ತವೆ. ಅದರ ಜತೆಗೆ ಸಣ್ಣ ಶಿಸ್ತುಗಳೂ ಸೇರಬೇಕು: ಮಂಜುಗಟ್ಟಿಸಿದ ಆಹಾರ ಕರಗಿದಾಗಿನ ರಸವನ್ನು ತೊಟ್ಟಿಗೆ ಸುರಿಯದಿರುವುದು, ಫಿಲ್ಟರಿನ ಹತ್ತಿಯನ್ನು ಕೊಳೆಯಲು ಬಿಡದೆ ತೊಳೆಯುವುದು, ತೊಟ್ಟಿ ಹೊರಬಹುದಾದಷ್ಟೇ ಮೀನು ಇಡುವುದು. ಕೊನೆಯದು ಎಲ್ಲಕ್ಕಿಂತ ಕಷ್ಟ, ಏಕೆಂದರೆ ಟಿಕೆಟ್ ಕೊಂಡವನು ಮೀನು ಎಣಿಸಲು ಬಂದಿರುತ್ತಾನೆ.

ಎರಡನೆಯದು ಹುಲ್ಲಿನ ದಾರಿ. ಹೈದರಾಬಾದಿನ ಕೆಳಗೆ ಮೂಸಿ ನದಿಯ ದಂಡೆಯಲ್ಲಿ, ಊರಿನ ಕೊಳಚೆ ನೀರು ಉಂಡು ಪ್ಯಾರಾ ಹುಲ್ಲು ಸೊಂಪಾಗಿ ಬೆಳೆಯುತ್ತದೆ. ಅದನ್ನು ಕೊಯ್ದು ನಗರದ ಎಮ್ಮೆಗಳಿಗೆ ಮೇವು ಮಾಡುತ್ತಾರೆ. ನೀರಿನಲ್ಲಿದ್ದ ಸಾರಜನಕ ಹುಲ್ಲಾಗಿ, ಹೊರೆಯಾಗಿ ನದಿಯಿಂದಾಚೆ ಹೋಗುತ್ತದೆ. ಅಕ್ವೇರಿಯಂನಲ್ಲಿ ಈ ಕೆಲಸ ಕಡಲ ಪಾಚಿಯದು. ಪಕ್ಕದ ತೊಟ್ಟಿಯೊಂದರಲ್ಲಿ ದೀಪ ಹಾಕಿ ತಂತಿಯ ಸಿಕ್ಕಿನಂಥ ಹಸಿರು ಪಾಚಿಯನ್ನು ಬೆಳೆಸಿದರೆ ಅದು ನೈಟ್ರೇಟನ್ನೂ ಫಾಸ್ಫೇಟನ್ನೂ ಹೀರಿಕೊಳ್ಳುತ್ತದೆ. ಷರತ್ತು ಒಂದೇ, ಕೊಯ್ದು ಹೊರಗೆ ಹಾಕಬೇಕು. ಕೊಯ್ಯದೆ ಬಿಟ್ಟ ಪಾಚಿ ಸತ್ತು ಕೊಳೆತು ಹೀರಿದ್ದೆಲ್ಲವನ್ನೂ ಹಿಂದಿರುಗಿಸುತ್ತದೆ. ಅಂತರಗಂಗೆ ತುಂಬಿದ ಕೆರೆಗಳನ್ನು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಮನೆಯ ತೊಟ್ಟಿಗೆ ಈ ದಾರಿ ಬಹಳ ಚೆನ್ನ. ದಿನಕ್ಕೆ ಇಪ್ಪತ್ತು ಕಿಲೋ ಮೀನು ತಿನ್ನುವ ತೊಟ್ಟಿಗೆ ಮಾತ್ರ ಪಾಚಿಯ ಗದ್ದೆಯನ್ನೇ ಮಾಡಬೇಕಾಗುತ್ತದೆ.

ಮೂರನೆಯದು ಕೆಸರಿನ ದಾರಿ, ದೊಡ್ಡ ತೊಟ್ಟಿಗೆ ನಿಜವಾಗಿ ದಕ್ಕುವುದು ಇದೇ. ನೀರು ಕಟ್ಟಿದ ಭತ್ತದ ಗದ್ದೆಗೆ ಹಾಕಿದ ಯೂರಿಯಾದಲ್ಲಿ ಒಂದು ಪಾಲು ಪೈರಿಗೆ ಸಿಗದೆ ಗಾಳಿಗೆ ಹೋಗುತ್ತದೆ ಎಂದು ಕೃಷಿ ಅಧಿಕಾರಿಗಳು ಹೇಳುವುದನ್ನು ರೈತರು ಕೇಳಿರುತ್ತಾರೆ. ಕೆಸರಿನ ಆಳದಲ್ಲಿ ಆಮ್ಲಜನಕ ಇರುವುದಿಲ್ಲ. ಅಲ್ಲಿ ಬದುಕುವ ಕೆಲವು ಬ್ಯಾಕ್ಟೀರಿಯಾಗಳು ನೈಟ್ರೇಟಿನೊಳಗಿನ ಆಮ್ಲಜನಕವನ್ನೇ ಕಿತ್ತು ಉಸಿರಾಡುತ್ತವೆ. ಉಳಿದ ಸಾರಜನಕ ಅನಿಲವಾಗಿ ಗುಳ್ಳೆಯೆದ್ದು ಹೋಗುತ್ತದೆ. ಗಾಳಿಯಲ್ಲಿ ಶೇ. 78 ಇರುವುದು ಅದೇ ಅನಿಲ. ಇದಕ್ಕೆ ಡಿನೈಟ್ರಿಫಿಕೇಶನ್ ಎಂದು ಹೆಸರು. ರೈತನಿಗೆ ಇದು ನಷ್ಟ. ಅಕ್ವೇರಿಯಂಗೆ ಇದಕ್ಕಿಂತ ದೊಡ್ಡ ಲಾಭವಿಲ್ಲ, ಏಕೆಂದರೆ ಸಾರಜನಕ ಹೋಗುತ್ತದೆ, ಉಪ್ಪು ಉಳಿಯುತ್ತದೆ, ನೀರು ಉಳಿಯುತ್ತದೆ.

ಈ ಕೆಸರನ್ನು ಯಂತ್ರದೊಳಗೆ ಕಟ್ಟುವುದು ಎರಡು ರೀತಿ. ಮುಚ್ಚಿದ ಗೋಪುರದಂಥ ತೊಟ್ಟಿಯಲ್ಲಿ ನೀರನ್ನು ನಿಧಾನವಾಗಿ ಹಾಯಿಸಿ ಬ್ಯಾಕ್ಟೀರಿಯಾಕ್ಕೆ ಆಹಾರವಾಗಿ ಮೆಥನಾಲ್, ಎಥನಾಲ್ ಅಥವಾ ವಿನಿಗರಿನ ಆಮ್ಲವನ್ನು ಹನಿಹನಿಯಾಗಿ ಕೊಡುವುದು ಒಂದು. ಗಂಧಕದ ಹರಳುಗಳನ್ನು ತುಂಬಿ, ಗಂಧಕವನ್ನೇ ತಿನ್ನುವ ಬ್ಯಾಕ್ಟೀರಿಯಾವನ್ನು ಸಾಕುವುದು ಇನ್ನೊಂದು. ಎರಡನೆಯದರಲ್ಲಿ ಆಮ್ಲ ಹುಟ್ಟುವುದರಿಂದ ಸುಣ್ಣಕಲ್ಲಿನ ಚೂರುಗಳನ್ನೂ ಇಡಬೇಕು. ಅಟ್ಲಾಂಟಾದ ಜಾರ್ಜಿಯಾ ಅಕ್ವೇರಿಯಂ 2005ರಲ್ಲಿ ತೆರೆದದ್ದು ಕಡಲಿನಿಂದ ನೂರಾರು ಕಿಲೋಮೀಟರ್ ಒಳಗೆ. ತಿಮಿಂಗಿಲ ಶಾರ್ಕುಗಳಿರುವ ಅದರ ದೊಡ್ಡ ತೊಟ್ಟಿಯೊಂದರಲ್ಲೇ ಸುಮಾರು 2.4 ಕೋಟಿ ಲೀಟರ್ ಕೃತಕ ಕಡಲ ನೀರಿದೆ. ಡಿನೈಟ್ರಿಫಿಕೇಶನ್ ಅಲ್ಲಿನ ನೀರಿನ ವ್ಯವಸ್ಥೆಯ ಒಂದು ಭಾಗ. ಒಳನಾಡಿನಲ್ಲಿ ಕಡಲು ಸಾಕುವುದು ಆಗದ ಕೆಲಸವಲ್ಲ ಎಂಬುದಕ್ಕೆ ಅದು ಸಾಕ್ಷಿ. ಅದು ಪಂಪು ಪೈಪಿನಿಂದಷ್ಟೇ ಆಗುವ ಕೆಲಸವೂ ಅಲ್ಲ.

ಬ್ಯಾಕ್ಟೀರಿಯಾಕ್ಕೆ ಮುಹೂರ್ತ ಗೊತ್ತಿಲ್ಲ

ಈ ಕೆಸರಿನ ಯಂತ್ರ ಸೂಕ್ಷ್ಮದ್ದು. ನೀರು ಬೇಗ ಹಾಯ್ದರೆ ನೈಟ್ರೇಟ್ ಅರ್ಧದಾರಿಯಲ್ಲಿ ನಿಂತು ನೈಟ್ರೈಟ್ ಆಗಿ ತೊಟ್ಟಿಗೆ ಮರಳುತ್ತದೆ. ತೀರ ನಿಧಾನವಾದರೆ ನೈಟ್ರೇಟ್ ಮುಗಿದು, ಬ್ಯಾಕ್ಟೀರಿಯಾ ನೀರಿನಲ್ಲಿರುವ ಸಲ್ಫೇಟಿಗೆ ಕೈಹಾಕುತ್ತದೆ. ಆಗ ಹುಟ್ಟುವುದು ಕೊಳೆತ ಮೊಟ್ಟೆಯ ವಾಸನೆಯ ಹೈಡ್ರೋಜನ್ ಸಲ್ಫೈಡ್, ಮೀನಿಗೆ ಮಾರಕ. ಕರೆಂಟು ಹೋಗಿ ಪಂಪು ಕೆಲವು ಗಂಟೆ ನಿಂತರೆ ಗೋಪುರದೊಳಗೆ ಈ ವಿಷ ತುಂಬಿಕೊಳ್ಳಬಹುದು. ಕರೆಂಟು ಬಂದ ಕೂಡಲೇ ಅದೇ ಪಂಪು ಅದನ್ನು ತೊಟ್ಟಿಗೆ ತಳ್ಳುತ್ತದೆ. ಎಥನಾಲ್ ಹೆಚ್ಚು ಸುರಿದರೆ ತೊಟ್ಟಿಯಲ್ಲೇ ಬ್ಯಾಕ್ಟೀರಿಯಾ ಉಕ್ಕಿ ನೀರು ಹಾಲಿನಂತಾಗಿ, ಆಮ್ಲಜನಕ ಕುಸಿದು ಮೀನುಗಳು ಉಸಿರುಕಟ್ಟುತ್ತವೆ. ಮನೆಯ ತೊಟ್ಟಿಗೆ ವೋಡ್ಕಾ ಹನಿಸಿ ನೈಟ್ರೇಟ್ ಇಳಿಸುವ ಹವ್ಯಾಸಿಗಳಿಗೂ ಈ ಎಚ್ಚರಿಕೆ ಸಲ್ಲುತ್ತದೆ. ಫಾಸ್ಫೇಟ್ ಪೂರ್ತಿ ಇಲ್ಲವಾದರೆ ಬ್ಯಾಕ್ಟೀರಿಯಾ ಬೆಳೆಯದೆ ನೈಟ್ರೇಟ್ ಇಳಿಯುವುದೂ ನಿಲ್ಲುತ್ತದೆ. ಎರಡನ್ನೂ ಸೊನ್ನೆಗೆ ಇಳಿಸಿದರೆ ಹವಳ ಬಿಳಚಿಕೊಳ್ಳುತ್ತದೆ. ಗುರಿ ಸೊನ್ನೆಯಲ್ಲ; ಕಡಿಮೆ, ಏರಿಳಿತವಿಲ್ಲದ ಒಂದು ಮಟ್ಟ.

ಇದಕ್ಕೆಲ್ಲ ಬೇಕಾದದ್ದು ಸಮಯ. ಈ ಬ್ಯಾಕ್ಟೀರಿಯಾದ ಸಂಸಾರ ನೆಲೆಯೂರಲು ವಾರಗಳು, ಕೆಲವೊಮ್ಮೆ ತಿಂಗಳುಗಳು ಬೇಕು. ದೊಡ್ಡ ಸರ್ಕಾರಿ ಯೋಜನೆಗಳಿಗೆ ಇರದೆ ಇರುವುದು ಇದೇ. ಉದ್ಘಾಟನೆಯ ದಿನ ಮೊದಲು ಗೊತ್ತಾಗುತ್ತದೆ, ಗಣ್ಯರ ಸಮಯ ಸಿಗುತ್ತದೆ, ಆ ದಿನಕ್ಕೆ ತೊಟ್ಟಿ ತುಂಬ ಮೀನು ಇರಲೇಬೇಕು. ಗಾಜು ಹಾಕಿದವನ ಬಿಲ್ಲು ಮೊದಲು ಪಾಸಾಗುತ್ತದೆ, ಹಿತ್ತಿಲಿನ ಯಂತ್ರಕೋಣೆಯ ಕೆಲಸ 'ಎರಡನೇ ಹಂತ'ಕ್ಕೆ ಹೋಗುತ್ತದೆ. ನೈಟ್ರೇಟ್ ಮೊದಲ ದಿನ ಯಾರನ್ನೂ ಕೊಲ್ಲುವುದಿಲ್ಲವಾದ್ದರಿಂದ ಯಾರಿಗೂ ತಪ್ಪು ಕಾಣುವುದಿಲ್ಲ. ಹಾಗಾಗಿ ಕ್ರಮವನ್ನು ತಿರುವುಮುರುವು ಮಾಡಬೇಕು. ಮೊದಲು ಯಂತ್ರಕೋಣೆ, ಆಮೇಲೆ ಬ್ಯಾಕ್ಟೀರಿಯಾ, ಆಮೇಲೆ ಕೆಲವೇ ಮೀನು, ಕೊನೆಗೆ ರಿಬ್ಬನ್ನು.

ಮೀನು ಸಾಯುವುದಿಲ್ಲವಲ್ಲ!

ಇದಕ್ಕೆ ಎದುರು ಮಾತುಗಳಿವೆ. ಮೊದಲನೆಯದು ಅನುಭವಸ್ಥರದೇ: ಕಡಲ ಮೀನುಗಳಲ್ಲಿ ಬಹಳಷ್ಟು ನೂರು ಮಿಲಿಗ್ರಾಂ ನೈಟ್ರೇಟಿನಲ್ಲೂ ಬದುಕುತ್ತವೆ, ಇಷ್ಟು ತಲೆ ಕೆಡಿಸಿಕೊಳ್ಳಬೇಕೇ? ಬದುಕುತ್ತವೆ ಎಂಬುದು ನಿಜ. ಆದರೆ ಸುರಂಗ ಅಕ್ವೇರಿಯಂಗೆ ಜನ ಬರುವುದು ಶಾರ್ಕು, ತೊರಕೆ ನೋಡಲು. ಥೈರಾಯ್ಡ್ ಗ್ರಂಥಿ ಅಯೋಡಿನ್ ಹೀರುವುದನ್ನು ನೈಟ್ರೇಟ್ ಅಡ್ಡಗಟ್ಟುತ್ತದೆ. ಹೆಚ್ಚು ನೈಟ್ರೇಟಿನ ನೀರಿನಲ್ಲಿ ಇಟ್ಟ ಬಿದಿರು ಶಾರ್ಕುಗಳಿಗೆ ಗಳಗಂಡ ಬರುವುದನ್ನು ಸಂಶೋಧಕರು ಕಂಡಿದ್ದಾರೆ. ನೀರನ್ನು ತಿಳಿಯಾಗಿಡಲು ಹಾಯಿಸುವ ಓಝೋನ್ ನೀರಿನ ಅಯೋಡಿನ್ ರೂಪವನ್ನೇ ಬದಲಿಸಿ ಈ ತೊಂದರೆಯನ್ನು ಹೆಚ್ಚಿಸಬಲ್ಲದು. ಗಾಜಿನಾಚೆ ಕ್ಯಾಮೆರಾ ಹಿಡಿದವರಿಗೆ ಶಾರ್ಕಿನ ಗಂಟಲ ಊತ ಕಾಣುವ ಹೊತ್ತಿಗೆ ವರ್ಷಗಳೇ ಕಳೆದಿರಬಹುದು. ಬದುಕಿದೆ ಎಂಬುದು ಚೆನ್ನಾಗಿದೆ ಎಂಬುದರ ಪುರಾವೆಯಲ್ಲ.

ಎರಡನೆಯ ಮಾತು: ಮೂಸಿಗೆ ಇಡೀ ನಗರದ ಕೊಳಚೆ ಹರಿಯುತ್ತಿರುವಾಗ ಒಂದು ಅಕ್ವೇರಿಯಂನ ಉಪ್ಪಿನ ಬಗ್ಗೆ ಗಲಾಟೆ ಏಕೆ? ಗಲಾಟೆ ಜಾಗದ ಬಗ್ಗೆ. ಕೊಳಚೆಯ ಮೂಸಿ ನಗರದ ಕೆಳಗಿದೆ, ಹಿಮಾಯತ್ ಸಾಗರ ನಗರದ ಮೇಲಿದೆ. ಮೇಲಿನ ನೀರು ಕೆಟ್ಟರೆ ಕೆಳಗಿನದನ್ನು ಸರಿಮಾಡುವ ಮಾತೇ ಉಳಿಯುವುದಿಲ್ಲ.

ಮೂರನೆಯದು ಪ್ರಾಣಿಪ್ರಿಯರ ಮಾತು: ಇಷ್ಟು ಲೆಕ್ಕ ಹಾಕುವ ಬದಲು ಇಂಥದ್ದನ್ನು ಕಟ್ಟದಿದ್ದರಾಯಿತು. ಆ ನಿಲುವಿಗೆ ಬಲವಿದೆ. ಆದರೆ ಬೇಕು ಬೇಡದ ವಾದ ಬಹಳ ಸಲ ಭಾವನೆಯ ಮಾತಾಗಿ ಆಡಳಿತದ ಕಿವಿಗೆ ಬೀಳದೆ ಹೋಗುತ್ತದೆ. ಸಾರಜನಕದ ಲೆಕ್ಕ ಹಾಗಲ್ಲ. ಲೆಕ್ಕ ಕೂಡಿದರೆ ಕಟ್ಟುವ ಬಗ್ಗೆ ಮಾತಾಡಬಹುದು, ಕೂಡದಿದ್ದರೆ ಕಟ್ಟಬೇಕೆನ್ನುವವರೇ ಉತ್ತರ ಕೊಡಬೇಕು. ಕಟ್ಟಬಾರದೆನ್ನುವವರ ಕೈಯಲ್ಲೂ ಇದಕ್ಕಿಂತ ಗಟ್ಟಿಯಾದ ಪ್ರಶ್ನೆ ಸಿಗಲಾರದು.

ವಿಶ್ವೇಶ್ವರಯ್ಯನವರ ಕೆರೆಯ ಪಕ್ಕದಲ್ಲಿ

ಈ ಜಾಗಕ್ಕೆ ಒಂದು ಹಿನ್ನೆಲೆಯಿದೆ, ಕನ್ನಡ ಓದುಗರಿಗೆ ಅದು ಹತ್ತಿರದ್ದು. 1908ರ ಸೆಪ್ಟೆಂಬರ್ 28ರಂದು ಮೂಸಿ ಉಕ್ಕಿ ಹೈದರಾಬಾದಿನ ಸಾವಿರಾರು ಜನರನ್ನು ಕೊಚ್ಚಿಕೊಂಡು ಹೋಯಿತು. ಮರುವರ್ಷ ನಿಜಾಮ ಸರ್ಕಾರ ಕರೆಸಿಕೊಂಡದ್ದು ಎಂ. ವಿಶ್ವೇಶ್ವರಯ್ಯನವರನ್ನು. ನಗರದ ಮೇಲ್ಭಾಗದಲ್ಲಿ ಮೂಸಿಗೂ ಅದರ ಉಪನದಿ ಈಸಿಗೂ ಜಲಾಶಯ ಕಟ್ಟಿ ಪ್ರವಾಹ ತಡೆಯುವ ಯೋಜನೆ ಅವರದು. ಅದರಿಂದ 1920ರಲ್ಲಿ ಉಸ್ಮಾನ್ ಸಾಗರ, 1927ರಲ್ಲಿ ಹಿಮಾಯತ್ ಸಾಗರ ಮುಗಿದವು. ಅವೇ ನಗರದ ಕುಡಿಯುವ ನೀರೂ ಆದವು. ನಗರದ ಒಳಚರಂಡಿಯ ಯೋಜನೆಯಲ್ಲೂ ವಿಶ್ವೇಶ್ವರಯ್ಯನವರ ಕೈಯಿದೆ. ನೀರು ಬರುವ ದಾರಿಯನ್ನು ಯೋಚಿಸಿದವರು ಅದು ಹೋಗುವ ದಾರಿಯನ್ನೂ ಯೋಚಿಸಿದರು.

ಈ ಎರಡು ಜಲಾಶಯಗಳ ಸುತ್ತ ಹತ್ತು ಕಿಲೋಮೀಟರ್ ಒಳಗೆ ಮಲಿನಗೊಳಿಸುವ ಕಟ್ಟಡ, ಕಾರ್ಖಾನೆ ಬರಕೂಡದೆಂದು 1996ರ ಮಾರ್ಚಿನಲ್ಲಿ ಹೊರಟ ಸರ್ಕಾರಿ ಆದೇಶ 111, ಹೈದರಾಬಾದಿನಲ್ಲಿ ಬರೀ 'ಟ್ರಿಪಲ್ ಒನ್' ಎಂದೇ ಪರಿಚಿತ. ಹಿಮಾಯತ್ ಸಾಗರದ ಬಳಿ ಎಣ್ಣೆ ಕಾರ್ಖಾನೆಯೊಂದನ್ನು ತೆರೆಯುವ ವಿವಾದ ಸುಪ್ರೀಂ ಕೋರ್ಟಿಗೆ ಹೋದಾಗ, 1999ರ ತೀರ್ಪಿನಲ್ಲಿ ನ್ಯಾಯಾಲಯ ಮುಖ್ಯವಾದ ಮಾತೊಂದನ್ನು ಎತ್ತಿಹಿಡಿಯಿತು: ಹಾನಿಯಾಗುವುದಿಲ್ಲ ಎಂದು ತೋರಿಸುವ ಹೊಣೆ, ಇರುವ ಸ್ಥಿತಿಯನ್ನು ಬದಲಿಸಲು ಹೊರಟವನದು. ಆಗುತ್ತದೆ ಎಂದು ಸಾಬೀತು ಮಾಡುವ ಹೊರೆಯನ್ನು ಊರಿನವರ ಮೇಲೆ ಹಾಕುವಂತಿಲ್ಲ. ಆ ಕಾರ್ಖಾನೆಗೆ ಕೊಟ್ಟಿದ್ದ ವಿನಾಯಿತಿಯನ್ನು 2000ದಲ್ಲಿ ನ್ಯಾಯಾಲಯ ಒಪ್ಪಲಿಲ್ಲ. ಮುಂದೆ 2022ರ ಏಪ್ರಿಲಿನಲ್ಲಿ ತೆಲಂಗಾಣ ಸರ್ಕಾರ ಟ್ರಿಪಲ್ ಒನ್‌ನ ನಿರ್ಬಂಧಗಳನ್ನು ಸಡಿಲಿಸುವ ಆದೇಶ ಹೊರಡಿಸಿತು. ಅದೇ ವರ್ಷ ಇಕೋ ಪಾರ್ಕಿಗೆ ಕಲ್ಲು ಬಿತ್ತು. ಆದೇಶ ಸಡಿಲವಾಗಬಹುದು. ಹಾನಿಯಿಲ್ಲವೆಂದು ತೋರಿಸುವ ಹೊಣೆ ಯಾರದೆಂಬ ತತ್ವ ಸಡಿಲವಾಗುವುದಿಲ್ಲ.

ಆ ಹೊಣೆಯನ್ನು ಹೊರುವುದು ಹೇಗೆಂದು ಅಕ್ವೇರಿಯಂ ವಿಷಯದಲ್ಲಿ ಖಚಿತವಾಗಿ ಹೇಳಬಹುದು. ಯೋಜನಾ ವರದಿಯಲ್ಲಿ ಎರಡು ಪುಟ ಕಡ್ಡಾಯವಾಗಬೇಕು. ಒಂದು ಸಾರಜನಕದ ಲೆಕ್ಕ: ದಿನಕ್ಕೆ ಎಷ್ಟು ಕಿಲೋ ಆಹಾರ, ಅದರಿಂದ ಎಷ್ಟು ನೈಟ್ರೇಟ್, ಅದರಲ್ಲಿ ನೊರೆಗೆಷ್ಟು, ಪಾಚಿಗೆಷ್ಟು, ಗಾಳಿಗೆಷ್ಟು. ಇನ್ನೊಂದು ಉಪ್ಪಿನ ಲೆಕ್ಕ: ವರ್ಷಕ್ಕೆ ಎಷ್ಟು ಟನ್ ಒಳಗೆ ಬಂತು, ಎಷ್ಟು ಹೊರಗೆ ಹೋಯಿತು, ಹೋದದ್ದು ಯಾವ ಜಾಗಕ್ಕೆ. ಎರಡನೆಯದರಲ್ಲಿ 'ಚರಂಡಿಗೆ' ಎಂಬ ಉತ್ತರ ಒಪ್ಪಿತವಾಗಬಾರದು. ಡಿನೈಟ್ರಿಫಿಕೇಶನ್ ಘಟಕ ಮೀನಿಲ್ಲದೆ, ಅಮೋನಿಯಾ ಹಾಕಿ ಪರೀಕ್ಷಿಸಿದಾಗ ತಿಂಗಳುಗಟ್ಟಲೆ ನಿಗದಿತ ಮಟ್ಟ ಕಾಯ್ದುಕೊಂಡ ದಾಖಲೆ ಇದ್ದರೆ ಮಾತ್ರ ಪ್ರಾಣಿಗಳನ್ನು ತರಲು ಒಪ್ಪಿಗೆ ಸಿಗಬೇಕು. ಪ್ರತಿ ವಾರದ ನೈಟ್ರೇಟ್ ಅಂಕಿ, ಯಾವ ಅಳತೆಯಲ್ಲಿ ಎಂಬ ವಿವರದೊಂದಿಗೆ, ಟಿಕೆಟ್ ಕೌಂಟರಿನ ಪಕ್ಕದ ಫಲಕದಲ್ಲಿ ಇರಬೇಕು. ಶಾಲೆಯ ಮಕ್ಕಳು ಆ ಫಲಕದ ಮುಂದೆ ನಿಂತು ಕೇಳುವ ಪ್ರಶ್ನೆ, ಸುರಂಗದೊಳಗೆ ಕಲಿಯುವುದಕ್ಕಿಂತ ಹೆಚ್ಚನ್ನು ಕಲಿಸೀತು.

ಅಹಮದಾಬಾದಿನ ಸೈನ್ಸ್ ಸಿಟಿಯಲ್ಲಿ 2021ರಲ್ಲಿ ಜಲಚರಗಳ ಗ್ಯಾಲರಿ ತೆರೆದ ಮೇಲೆ, ಸುರಂಗ ಅಕ್ವೇರಿಯಂ ಎಂಬುದು ದೇಶದ ಊರೂರಿನ ಆಸೆಯಾಗಿದೆ. ಆ ಪಟ್ಟಿ ಮುಂದೆ ಕರ್ನಾಟಕದ ಒಳನಾಡಿನ ನಗರಗಳಿಗೂ ಬಾರದಿರಲಾರದು. ಆದ್ದರಿಂದ ಇದು ಹೈದರಾಬಾದಿನವರ ತಲೆನೋವು ಮಾತ್ರವಲ್ಲ. ಉಪ್ಪುನೀರನ್ನು ಸಾಕುವ ಊರು ಆ ಉಪ್ಪನ್ನು ತನ್ನಲ್ಲೇ ಇಟ್ಟುಕೊಳ್ಳುವುದನ್ನು ಕಲಿಯಬೇಕು, ಸಾರಜನಕವನ್ನು ಗಾಳಿಗೆ ಹಿಂದಿರುಗಿಸುವುದನ್ನು ಕಲಿಯಬೇಕು. ಕಲಿಯುವ ತಾಳ್ಮೆ ಇಲ್ಲದ ಊರಿಗೆ ಸೂರ್ಯಲಂಕಕ್ಕೋ ಕಾರವಾರಕ್ಕೋ ಒಂದು ಬಸ್ಸು ಹೆಚ್ಚಿಗೆ ಬಿಡುವುದೇ ಮೇಲು.